ಖಾರ ಪಕ್ಕಕ್ಕಿರಲಿ

ನಮ್ಮ ಬೀದಿಯ ಮಗ್ಗಗಳನ್ನು ನಿಲ್ಲಿಸುವ ಶಕ್ತಿ ಇರುವುದು ಇಬ್ಬರಿಗೆ. ಒಂದು ಕರೆಂಟು, ಇನ್ನೊಂದು ನಾನು. ಕರೆಂಟು ಹೋದರೆ ಎಲ್ಲ ಮಗ್ಗಗಳೂ ಒಟ್ಟಿಗೆ ಉಸಿರು ಬಿಟ್ಟು ಸುಮ್ಮನಾಗುತ್ತವೆ. ನಾನು ಒಣಮೆಣಸಿನಕಾಯಿ ಹುರಿಯಲು ನಿಂತರೆ ಗಾಳಿ ಬೀಸಿದ ದಿಕ್ಕಿನಲ್ಲಿ ಒಂದೊಂದಾಗಿ, ಕೆಮ್ಮಿಕೊಂಡು ನಿಲ್ಲುತ್ತವೆ. ಮೊದಲು ಎಡಗಡೆ ಮನೆ, ಆಮೇಲೆ ಎದುರು ಮನೆ, ಕೊನೆಗೆ ಮೂಲೆಮನೆಯಲ್ಲಿ ಜರಿ ಅಂಚು ನೇಯುತ್ತಿರುವ ಯಜಮಾನರು. ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟು ಮದುವೆಗೆ ಹೋಗುವವರಿಗೆ ಅದರ ಯಾವ ಮೊಳದಲ್ಲಿ ನೇಕಾರರು ಸೀನಿದರು ಎಂಬುದು ಗೊತ್ತಿರುವುದಿಲ್ಲ. ನನಗೆ ಗೊತ್ತಿರುತ್ತದೆ. ಮೊದಲೆಲ್ಲ ಕಿಟಕಿಯಿಂದ ತಲೆ ಹೊರಹಾಕಿ, "ಟೀಚರಮ್ಮಾ, ಇವತ್ತು ಸಾರಿನ ಪುಡಿಯಾ?" ಎಂದು ಕೇಳುತ್ತಿದ್ದರು. ಈಗ ಎರಡು ವರ್ಷದಿಂದ ಪ್ರಶ್ನೆ ಬದಲಾಗಿದೆ. "ಟೀಚರಮ್ಮಾ, ಇವತ್ತು ಯಾವ ದೇಶದ್ದು?"

ಇದಕ್ಕೆಲ್ಲ ಮೂಲ ನಮ್ಮ ಫ್ರಿಜ್ಜಿನ ಬಾಗಿಲು. ಮಗಳು ಬೆಂಗಳೂರಿಗೆ ಓದಲು ಹೋದ ಮೇಲೆ ಪ್ರತಿ ರಜೆಗೂ ಒಂದು ಸೀಸೆ ಹಿಡಿದುಕೊಂಡೇ ಬರುತ್ತಾಳೆ. ಕಪ್ಪು ಸೀಸೆ, ಕೆಂಪು ಸೀಸೆ, ಹಸಿರು ಸೀಸೆ, ಒಂದು ಸಲ ಮೇಲೆ ಹುಂಜದ ಚಿತ್ರ ಇದ್ದ ಸೀಸೆ. ಬಂದ ದಿನ ಎರಡು ಚಮಚ ಸುರಿದು ಏನೋ ಮಾಡಿಕೊಂಡು ತಿನ್ನುತ್ತಾಳೆ, ಹೋಗುವಾಗ ಸೀಸೆಯನ್ನು ನನ್ನ ಸುಪರ್ದಿಗೆ ಬಿಟ್ಟು ಹೋಗುತ್ತಾಳೆ. ಸಾಸಿನ ಸೀಸೆಗೆ ಒಂದು ವಿಚಿತ್ರ ಗುಣವಿದೆ. ಅದು ಮೂರು ಬೆರಳಿನಷ್ಟು ಉಳಿಯುವವರೆಗೆ ಬೇಗ ಬೇಗ ಖಾಲಿಯಾಗುತ್ತದೆ, ಆಮೇಲೆ ಎಂದೆಂದಿಗೂ ಖಾಲಿಯಾಗುವುದಿಲ್ಲ. ಒಂದು ಯುಗಾದಿಗೆ ಫ್ರಿಜ್ಜು ತೊಳೆಯಲು ಕೂತಾಗ ಲೆಕ್ಕ ಹಾಕಿದೆ: ಒಂಬತ್ತು ಸೀಸೆ, ಒಂಬತ್ತರಲ್ಲೂ ಮೂರು ಮೂರು ಬೆರಳು. ಬಾಗಿಲು ತೆಗೆದಾಗಲೆಲ್ಲ ನಿವೃತ್ತ ನೌಕರರ ಸಂಘದ ಸಭೆಯಂತೆ ಒಂದಕ್ಕೊಂದು ತಾಗಿ ಗೊಣಗುತ್ತಿದ್ದವು.

ಮೇಷ್ಟ್ರ ಕೆಲಸ ಮಾಡಿದವರಿಗೆ ಕೈಗೆ ಸಿಕ್ಕ ಅಕ್ಷರ ಓದುವ ಚಟ. ಕನ್ನಡಕ ಹಾಕಿಕೊಂಡು ಸೀಸೆಗಳ ಬೆನ್ನು ಓದಿದೆ. ಒಂದರಲ್ಲಿ ಮೊದಲು ನೀರು, ಆಮೇಲೆ ಸಕ್ಕರೆ, ಆಮೇಲೆ ಉಪ್ಪು. ಮೆಣಸಿನಕಾಯಿಯ ಹೆಸರಿನಲ್ಲಿ ಮಾರುತ್ತಿದ್ದ ಸೀಸೆಯಲ್ಲಿ ಮೆಣಸಿನಕಾಯಿ ಮದುವೆಗೆ ಕೊನೆಯಲ್ಲಿ ಬಂದ ಸೋದರಮಾವನ ಹಾಗೆ ಹಿಂದೆ ನಿಂತಿತ್ತು. ಅದರ ಹಿಂದೆ ಸಂಖ್ಯೆಗಳ ಸಾಲು. ಅದೇ ಹೊತ್ತಿಗೆ, 2024ರ ಮಾರ್ಚ್‌ನಲ್ಲಿ, ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬಳಸಬಾರದೆಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿ, ಪತ್ರಿಕೆಗಳಲ್ಲೆಲ್ಲ ರೋಡಮೈನ್‌-ಬಿ ಎಂಬ ಹೆಸರು ಓಡಾಡುತ್ತಿತ್ತು. ಬಟ್ಟೆಗೆ ಹಾಕುವ ಬಣ್ಣ ಅದು. ಬಣ್ಣ ಕಟ್ಟುವ ಕೆಲಸ ಗೊತ್ತಿರುವ ನಮ್ಮ ಬೀದಿಯವರಿಗೆ ಇದು ಬಹಳ ತಮಾಷೆಯಾಗಿ ಕಂಡಿತು. "ನಾವು ಸೀರೆಗೆ ಹಾಕಿದ್ರೆ ಹೋಯ್ತದೆ ಅಂತ ಜಗಳಕ್ಕೆ ಬರ್ತೀರಿ, ಅವರು ಕೋಸಿಗೆ ಹಾಕಿದ್ರೆ ಬೆರಳು ನೆಕ್ತೀರಿ" ಎಂದರು ಮೂಲೆಮನೆಯವರು.

ಆ ದಿನ ಒಂಬತ್ತೂ ಸೀಸೆ ತೊಳೆದು ಹಿತ್ತಲ ಕಲ್ಲಿನ ಮೇಲೆ ಬೋರಲು ಹಾಕಿದೆ. ಒಳಗೆ ಇರಬೇಕಾದ್ದನ್ನು ಇನ್ನು ಮೇಲೆ ನಾನೇ ಮಾಡುತ್ತೇನೆ ಎಂದು ಶಪಥ ಮಾಡಿದೆ. ಯಳಂದೂರಿನಲ್ಲಿ ಹುಟ್ಟಿದವಳು ನಾನು. ಸಂಚಿ ಹೊನ್ನಮ್ಮನ ಊರು. ಹೆಂಗಸರಿಗೆ ಧರ್ಮ ಹೇಳುವಷ್ಟು ಕಾವ್ಯಶಕ್ತಿ ನನಗೆ ಬರಲಿಲ್ಲ, ಹಟ ಮಾತ್ರ ಧಾರಾಳವಾಗಿ ಬಂತು.

ಮೊದಲ ಪ್ರಯೋಗಕ್ಕೆ ಆರಿಸಿಕೊಂಡದ್ದು ಸೋಯಾ ಸಾಸು. ಈಜು ಬಾರದವನು ಭರಚುಕ್ಕಿಗೆ ಹೋಗಿ ಕಲಿಯುತ್ತೇನೆ ಎಂದ ಹಾಗೆ. ನಿಜವಾದ ಸೋಯಾ ಸಾಸು ಮಾಡಬೇಕಾದರೆ ಸೋಯಾ ಕಾಳನ್ನು ಬೇಯಿಸಿ, ಗೋಧಿಯನ್ನು ಹುರಿದು ನುಚ್ಚು ಮಾಡಿ, ಎರಡನ್ನೂ ಸೇರಿಸಿ, ಒಂದು ಜಾತಿಯ ಒಳ್ಳೆಯ ಬೂಷ್ಟನ್ನು ಅದರ ಮೇಲೆ ಎರಡು ಮೂರು ದಿನ ಬೆಳೆಸಬೇಕು. ಜಪಾನಿನವರು ಅದಕ್ಕೆ ಕೋಜಿ ಎನ್ನುತ್ತಾರೆ. ಆಮೇಲೆ ಉಪ್ಪುನೀರಿನಲ್ಲಿ ಮುಳುಗಿಸಿ ತಿಂಗಳುಗಟ್ಟಲೆ, ಆರು ತಿಂಗಳು, ವರ್ಷ, ಇನ್ನೂ ಹೆಚ್ಚು, ಸುಮ್ಮನೆ ಬಿಡಬೇಕು. ಅಗ್ಗದ ಸೀಸೆಯವರು ಇಷ್ಟೆಲ್ಲ ಕಾಯುವುದಿಲ್ಲ. ಕಾಳಿನ ಹಿಂಡಿಯನ್ನು ಆಮ್ಲದಲ್ಲಿ ಕುದಿಸಿ, ಸುಟ್ಟ ಸಕ್ಕರೆಯ ಬಣ್ಣ ಕೊಟ್ಟು ಕೆಲವೇ ದಿನದಲ್ಲಿ ಮುಗಿಸುತ್ತಾರೆ. ನಾನು ಎರಡೂ ದಾರಿಗೆ ಲಾಯಕ್ಕಲ್ಲ. ದೋಸೆ ಹಿಟ್ಟು ಒಂದು ರಾತ್ರಿ ಹುದುಗುವುದರೊಳಗೆ ಮೂರು ಸಲ ಮುಚ್ಚಳ ತೆಗೆದು ನೋಡುವ ಹೆಂಗಸು ನಾನು. ಬೂಷ್ಟನ್ನಂತೂ ಬೇಕೆಂದು ಬೆಳೆಸುವುದಾದರೆ ನಮ್ಮತ್ತೆ ಮನೆ ಬಿಟ್ಟು ಹೋಗುತ್ತಾರೆ.

ಹಾಗಾದರೆ ಅದರ ರುಚಿಯಲ್ಲಿ ಏನೇನಿದೆ ಎಂದು ನಾಲಿಗೆಯ ಮೇಲೆ ಬಿಡಿಸಿ ನೋಡಿದೆ. ಉಪ್ಪು ಇದೆ. ಸುಟ್ಟ ಸಿಹಿ ಇದೆ. ಒಂದೆಳೆ ಹುಳಿ. ಇನ್ನೊಂದು, ಇದೇ ಎಂದು ಬೆರಳಿಟ್ಟು ತೋರಿಸಲಾಗದ ರುಚಿ, ಎಲುಬಿನ ಸಾರು ಕುಡಿದ ಮೇಲೆ ತುಟಿಗೆ ಅಂಟಿಕೊಳ್ಳುವಂಥದ್ದು. ಜಪಾನಿನ ಕಿಕುನೆ ಇಕೆಡಾ ಎಂಬ ರಸಾಯನ ವಿಜ್ಞಾನಿ 1908ರಲ್ಲಿ ಸಮುದ್ರದ ಪಾಚಿಯ ಸಾರಿನಿಂದ ಅದನ್ನು ಬೇರ್ಪಡಿಸಿ ಉಮಾಮಿ ಎಂದು ಹೆಸರಿಟ್ಟ. ನಮ್ಮತ್ತೆಗೆ ನಾನು ಇದನ್ನು ವಿವರಿಸುತ್ತಿದ್ದರೆ ಅವರು ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ, "ಉಳ್ಳಿ ಕಟ್ಟು ಹಾಕವ್ವ" ಎಂದರು.

ಹುರುಳಿ ಕಟ್ಟು! ಹನೂರು ಕಡೆಯ ಹೊಲಮನೆಯ ಹೆಂಗಸು ಒಂದೇ ಪದದಲ್ಲಿ ಹೇಳಿದ್ದು ನನಗೆ ಆರು ತಿಂಗಳು ಹೊಳೆಯುತ್ತಿರಲಿಲ್ಲ. ಸೋಯಾ ಕಾಳೇ ಆದರೆ ಹುರುಳಿಯೂ ಕಾಳೇ. ಎರಡು ಲೋಟ ಹುರುಳಿ ಬೇಯಿಸಿದ ಕಟ್ಟನ್ನು ಬಸಿದು, ಸಣ್ಣ ಉರಿಯಲ್ಲಿ ಅರ್ಧ ಲೋಟಕ್ಕೆ ಇಳಿಯುವವರೆಗೆ ಇಂಗಿಸಿದೆ. ಕಬ್ಬಿಣದ ಬಾಣಲೆಯಲ್ಲಿ ಮೂರು ಚಮಚ ಬೆಲ್ಲ ಕರಗಿಸಿ, ಅದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಬಂದು ಇನ್ನೇನು ಸೀಯಬೇಕು ಎನ್ನುವ ಗಳಿಗೆಯಲ್ಲಿ ಆ ಕಟ್ಟನ್ನು ದೂರ ನಿಂತು ಸುರಿದೆ. ಹತ್ತಿರ ನಿಂತರೆ ಏನಾಗುತ್ತದೆ ಎಂಬುದಕ್ಕೆ ನನ್ನ ಮುಂಗೈಯ ಕಲೆ ಸಾಕ್ಷಿ. ಒಂದೂವರೆ ಚಮಚ ಉಪ್ಪು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಬಿಲ್ಲೆ ಶುಂಠಿ, ಗೋಲಿಯಷ್ಟು ಹುಣಸೆಹಣ್ಣು, ನಾಲ್ಕು ಕಾಳು ಮೆಣಸು. ಐದು ನಿಮಿಷ ಕುದಿಸಿ ಸೋಸಿದೆ. ಸೋಯಾ ಸಾಸು ಎನ್ನಲಾರೆ. ಅದರ ನೆಂಟಸ್ತಿಕೆಯ ಮನೆಯದು ಎನ್ನಬಹುದು. ತಾಳೆಬೆಲ್ಲ ಹಾಕಿ ದಪ್ಪಗೆ ಸಿಹಿಯಾಗಿ ಮಾಡುವ ಇಂಡೋನೇಷ್ಯಾದ ಕೆಚಾಪ್ ಮಾನಿಸ್ ಇದಕ್ಕೆ ಇನ್ನೂ ಹತ್ತಿರದ ನೆಂಟ. ಮಗಳು ಅನ್ನ ಹುರಿದು ಅದರ ಮೇಲೆ ಎರಡು ಚಮಚ ಹಾಕಿಕೊಂಡು ತಿಂದು, "ಅಮ್ಮಾ, ಚೆನ್ನಾಗಿದೆ, ಆದರೆ ಯಾಕೋ ಹಬ್ಬದ ವಾಸನೆ ಬರ್ತಿದೆ" ಎಂದಳು. ತವರಿನ ಬೆಲ್ಲ. ಯಳಂದೂರಿನ ಬಯಲಿನ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಎತ್ತಿ ಅಚ್ಚಿಗೆ ಸುರಿದದ್ದು. ಅದು ಎಲ್ಲಿ ಹೋದರೂ ಹಬ್ಬ ಮಾಡದೆ ಬಿಡುವುದಿಲ್ಲ.

ಅದನ್ನು ಇನ್ನಷ್ಟು ಗಟ್ಟಿ ಮಾಡೋಣ ಎಂದು ಹೊರಟಿದ್ದು ನನ್ನ ದುರಾಸೆ. ಜೋಳದ ಪಿಷ್ಟದ ಹಿಟ್ಟು ಮನೆಯಲ್ಲಿರಲಿಲ್ಲ. ರಾಗಿ ಹಿಟ್ಟು ಇತ್ತು. ಬಣ್ಣವೂ ಕೂಡುತ್ತದೆಯಲ್ಲ ಎಂಬ ಬುದ್ಧಿವಂತಿಕೆ ಬೇರೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಬೇಕು. ಬಿಸಿಗೆ ನೇರವಾಗಿ ಉದುರಿಸಿದರೆ ಹೊರಗಿನ ಪಿಷ್ಟ ತಟ್ಟನೆ ಬೆಂದು ಗಂಟಾಗಿ, ಒಳಗಿನ ಹಿಟ್ಟು ಒಣದಾಗಿಯೇ ಕೂತುಬಿಡುತ್ತದೆ. ಮೂವತ್ತು ವರ್ಷ ಮುದ್ದೆ ತೊಳಸಿದ ನನಗೆ ಇದು ಗೊತ್ತಿಲ್ಲದ ವಿಷಯವೇ? ಆದರೂ ಉದುರಿಸಿದೆ. ನಮ್ಮ ಯಜಮಾನರು ಬಾಣಲೆಯಲ್ಲಿ ಇಣುಕಿ, "ಇದಕ್ಕೆ ಮಜ್ಜಿಗೆ ಹಾಕಿದರೆ ಅಂಬಲಿ, ಹಾಕದಿದ್ದರೆ ಏನು ಕರೀತಾರೆ?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಎದುರು ಮನೆಯ ಕರುವೂ ಅದಕ್ಕೆ ಬಾಯಿ ಹಾಕಲಿಲ್ಲ.

ಇಲ್ಲಿಗೆ ನನ್ನ ಸಾಸಿನ ವ್ಯವಹಾರ ಮುಗಿಯಬೇಕಿತ್ತು. ಮುಗಿಯದೆ ಉಳಿದದ್ದು ಒಡೆಯರಪಾಳ್ಯದಿಂದ.

ಹನೂರಿನ ಹತ್ತಿರ ಅತ್ತೆಯ ತಮ್ಮನ ಮನೆಯ ಹಬ್ಬಕ್ಕೆ ಹೋಗಿದ್ದೆವು. ಮಾರನೆಯ ದಿನ ಮಗಳು ಹಟ ಹಿಡಿದಳು: ಇಷ್ಟು ದೂರ ಬಂದಿದ್ದೇವೆ, ಟಿಬೆಟಿಯನ್ ಕ್ಯಾಂಪಿಗೆ ಹೋಗಿ ಮೊಮೊ ತಿನ್ನದೆ ಬರುವುದೇ? ಲೊಕ್ಕನಹಳ್ಳಿ ದಾಟಿ ಮೇಲಕ್ಕೆ ಹೋದರೆ ಹವೆಯೇ ಬೇರೆ. ಮುಸುಕಿನ ಜೋಳದ ಹೊಲಗಳ ಆಚೆ ಕಾಡು, ಆನೆ ಕಾಯಲು ಮರದ ಮೇಲೆ ಕಟ್ಟಿದ ಅಟ್ಟಣೆ, ಅಷ್ಟರಲ್ಲಿ ಇದ್ದಕ್ಕಿದ್ದಂತೆ ಹಗ್ಗಕ್ಕೆ ಕಟ್ಟಿದ ಐದು ಬಣ್ಣದ ಪತಾಕೆಗಳು. 1959ರಲ್ಲಿ ದಲೈ ಲಾಮಾ ಅವರು ಗಡಿ ದಾಟಿದ ಮೇಲೆ ಅವರ ಹಿಂದೆ ಬಂದ ಜನಕ್ಕೆ ಆಗಿನ ಮೈಸೂರು ರಾಜ್ಯ ಜಾಗ ಕೊಟ್ಟಿತು. ಮೊದಲು ಬೈಲುಕುಪ್ಪೆ, 1966ರಲ್ಲಿ ಮುಂಡಗೋಡು, ಆಮೇಲೆ ಹುಣಸೂರಿನ ಗುರುಪುರ, ಎಪ್ಪತ್ತರ ದಶಕದಲ್ಲಿ ನಮ್ಮ ಒಡೆಯರಪಾಳ್ಯ. ಅವರ ಭಾಷೆಯಲ್ಲಿ ಇದಕ್ಕೆ ಧೊಂಡೆನ್‌ಲಿಂಗ್ ಎಂದು ಹೆಸರು. ಒಳಗಿನ ಊರುಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು, ಎ ವಿಲೇಜು, ಬಿ ವಿಲೇಜು ಅಂತ. ಜೊಗ್ಚೆನ್ ಮಠದ ಚಿನ್ನದ ಬಣ್ಣದ ಮಾಡು ಜೋಳದ ಗರಿಗಳ ಮೇಲೆ ತೇಲಿದಂತೆ ಕಾಣುತ್ತದೆ. ಬೈಲುಕುಪ್ಪೆಗೆ ಬರುವ ಬಸ್ಸುಗಟ್ಟಲೆ ಪ್ರವಾಸಿಗರು ಇಲ್ಲಿಗೆ ಬರುವುದಿಲ್ಲ. ಅದೇ ಒಳ್ಳೆಯದಾಯಿತು ಎಂದು ನನಗನ್ನಿಸುತ್ತದೆ. ಮೊಮೊ ಮಾಡುವ ಅಜ್ಜಿಗೆ ನಮ್ಮ ಹತ್ತಿರ ಮಾತಾಡಲು ಪುರಸೊತ್ತಿತ್ತು.

ನಾಲ್ಕು ಬೆಂಚಿನ ಅಂಗಡಿ. ತಟ್ಟೆಯಲ್ಲಿ ಹಬೆಯಾಡುವ ಎಂಟು ಮೊಮೊ, ಪಕ್ಕದಲ್ಲಿ ಪುಟ್ಟ ಸ್ಟೀಲ್ ಬಟ್ಟಲು, ಬಟ್ಟಲಲ್ಲಿ ಕೆಂಪಗೆ ತರಿತರಿಯಾಗಿ ಏನೋ. ಅತ್ತೆ ಮೊಮೊವನ್ನು ಕಡುಬು ಎಂದೇ ಒಪ್ಪಿಕೊಂಡಿದ್ದರು. ಬಟ್ಟಲಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಖಾರ ಹತ್ತಿತೇನೋ ಎಂದು ನಾನು ನೀರು ಮುಂದೆ ಹಿಡಿದೆ. ಅವರು ಕಣ್ಣು ಬಿಟ್ಟು, "ಇದೇನವ್ವ ಇದು, ಉಪ್ಪೆಸ್ರು ಕಾರಕ್ಕೆ ಟಮಾಟೊ ಕೊಚ್ಚಾಕ್ಬುಟ್ಟವ್ರೆ" ಎಂದರು.

ಗೊತ್ತಿಲ್ಲದವರಿಗೆ ಹೇಳಬೇಕು. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಉಪ್ಪೆಸರು ಅಥವಾ ಉಪ್ಸಾರು ಎಂದರೆ ಕಾಳನ್ನೋ ಬೇಳೆಯನ್ನೋ ಸೊಪ್ಪಿನ ಜೊತೆ ಉಪ್ಪು ಹಾಕಿ ಬೇಯಿಸಿ ಬಸಿದ ತಿಳಿ. ಬೆಂದ ಸೊಪ್ಪು ಕಾಳು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ತಿಳಿಗೆ ಸ್ವಂತದ ಖಾರ ಇರುವುದಿಲ್ಲ. ಖಾರ ಬೇರೆಯೇ: ಸುಟ್ಟ ಅಥವಾ ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು, ಉಪ್ಪು, ಕೆಲವರ ಮನೆಯಲ್ಲಿ ಚೂರು ಕಾಯಿ, ಇಷ್ಟನ್ನು ಅದೇ ತಿಳಿ ಚಿಮುಕಿಸಿ ಒರಳಲ್ಲಿ ಅರೆದ ಮುದ್ದೆ. ಅದು ತಟ್ಟೆಯ ಅಂಚಿಗೆ ಕೂರುತ್ತದೆ. ಉಣ್ಣುವವನು ಎಷ್ಟು ಬೇಕೋ ಅಷ್ಟನ್ನು ತಿಳಿಗೆ ಕದಡಿಕೊಳ್ಳುತ್ತಾನೆ. ಮಗು ಕಡ್ಡಿಯಷ್ಟು, ಗದ್ದೆಯಿಂದ ಬಂದವನು ನೆಲ್ಲಿಕಾಯಿಯಷ್ಟು, ಬಸುರಿ ಮುಟ್ಟಿ ನೋಡುವಷ್ಟು. ಒಂದೇ ಪಾತ್ರೆಯ ಅಡುಗೆ, ಹತ್ತು ಜನಕ್ಕೆ ಹತ್ತು ರುಚಿ.

ಸಾಸು ಎಂಬ ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನಲ್ಲಿ ಉಪ್ಪು ಹಾಕಿದ್ದು ಎಂಬ ಅರ್ಥದ ಪದದಲ್ಲಿದೆ ಎಂದು ನಿಘಂಟು ಹೇಳುತ್ತದೆ. ಉಪ್ಪು ಹಾಕಿದ ಎಸರು, ಉಪ್ಪೆಸರು! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಚಪ್ ಎಂಬುದು ಇನ್ನೂ ಮಜಾ. ಅದು ಚೀನಾದ ತೆಂಕಣ ಕರಾವಳಿಯ ಹೊಕ್ಕಿಯೆನ್ ಭಾಷೆಯಲ್ಲಿ ಮೀನಿನ ಉಪ್ಪುನೀರಿಗಿದ್ದ ಹೆಸರು. ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಅಣಬೆ ಮತ್ತೊಂದನ್ನೆಲ್ಲ ಸೇರಿಸಿಕೊಂಡು ತಿರುಗಿ, ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಟೊಮೆಟೊವನ್ನು ಕಟ್ಟಿಕೊಂಡಿತು. ಈಗ ಮೀನನ್ನು ಬಿಟ್ಟು ಸಂಸಾರ ಮಾಡುತ್ತಿದೆ. ನಮ್ಮ ಫ್ರಿಜ್ಜಿನಲ್ಲಿ ಅದು ಸಸ್ಯಾಹಾರಿ.

ಅಂಗಡಿಯ ಅಜ್ಜಿಯ ಕನ್ನಡ ಅಪ್ಪಟ ಹನೂರಿನದು. ಅವರ ಸಾಸಿಗೆ ಸೆಪೆನ್ ಎಂದು ಹೆಸರು. ನಾನು ಕೈಚೀಲದಿಂದ ಪೆನ್ನು ತೆಗೆದೆ. ಅಳತೆ ಕೇಳಿದರೆ ಅಡುಗೆಯವರು ಎಲ್ಲ ದೇಶದಲ್ಲೂ ಒಂದೇ ಉತ್ತರ ಕೊಡುತ್ತಾರೆ: "ನೋಡ್ಕೊಂಡು ಹಾಕದು." ನಾನು ಬಿಡಲಿಲ್ಲ. ಹತ್ತು ಹನ್ನೆರಡು ಒಣಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ಹದಿನೈದು ನಿಮಿಷ ನೆನೆಹಾಕು. ಎರಡು ಹಣ್ಣು ಟೊಮೆಟೊ, ಒಂದು ಸಣ್ಣ ಈರುಳ್ಳಿ ಬಾಣಲೆಯಲ್ಲಿ ಬಾಡಿಸು. ಆರೇಳು ಎಸಳು ಬೆಳ್ಳುಳ್ಳಿ ಹಸಿಯದೇ. ಉಪ್ಪು. ಎಲ್ಲ ಸೇರಿಸಿ ತರಿಯಾಗಿ ರುಬ್ಬು. ನುಣ್ಣಗೆ ಮಾಡಿದರೆ ಅದು ಸೀಸೆಯದಾಗುತ್ತದೆ, ಮನೆಯದಾಗುವುದಿಲ್ಲ. ಕೊನೆಗೆ ಕೊತ್ತಂಬರಿಯ ದಂಟು, ಮೇಲೆ ಒಂದು ಚಮಚ ಕಾದ ಎಣ್ಣೆ.

"ಮೆಣಸಿನಕಾಯಿ ಟಿಬೆಟ್ಟಿನದಾ?" ಎಂದು ಮಗಳು ಕೇಳಿದಳು. ಅಜ್ಜಿ ನಕ್ಕುಬಿಟ್ಟರು. ಹನೂರು ಸಂತೆಯದು. ಟೊಮೆಟೊ ಪಕ್ಕದ ಊರಿನ ಹೊಲದ್ದು. ಬೆಳ್ಳುಳ್ಳಿಯೂ ಸಂತೆಯದೇ. ಅವರ ಅಪ್ಪ ಅಮ್ಮ ಬಿಟ್ಟುಬಂದ ಚಳಿನೆಲದಲ್ಲಿ ಬೆಳೆ ಎಂದರೆ ಮುಖ್ಯವಾಗಿ ಬಾರ್ಲಿ. ಅದನ್ನು ಹುರಿದು ಹಿಟ್ಟು ಮಾಡಿ ಬೆಣ್ಣೆ ಚಹಾದಲ್ಲಿ ಕಲೆಸಿ ಬೆರಳಲ್ಲೇ ಉಂಡೆ ಕಟ್ಟಿ ತಿನ್ನುತ್ತಾರೆ, ತ್ಸಂಪಾ ಎಂದು. "ಹುರಿಹಿಟ್ಟು ಕನವ್ವ" ಎಂದು ಅತ್ತೆ ನನಗೆ ಭಾಷಾಂತರ ಮಾಡಿದರು. ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ಕಾಡು ಕಡಿದು ಜೋಳ ಬಿತ್ತಿ, ಚಳಿಗಾಲದಲ್ಲಿ ಸ್ವೆಟರು ಮಾರಲು ಊರೂರು ತಿರುಗಿ, ಅಂಗಡಿಯಲ್ಲಿ ಏನು ಸಿಕ್ಕಿತೋ ಅದರಲ್ಲೇ ಊರಿನ ರುಚಿ ಹುಡುಕಿದರಂತೆ. ಒಂದೇ ಒಂದು ಸಾಮಾನು ಮಾತ್ರ ಸಂತೆಯಲ್ಲಿ ಸಿಗಲಿಲ್ಲ. ಅದನ್ನು ಅವರು ಪುಟ್ಟ ಡಬ್ಬಿಯಲ್ಲಿಟ್ಟಿದ್ದರು. "ಇದು ಎಮ್ಮ" ಎಂದು ತೆರೆದು ತೋರಿಸಿದರು. "ಎಮ್ಮೆಯಾ?" ಎಂದರು ಅತ್ತೆ, ಡಬ್ಬಿಯೊಳಗೆ ಬಗ್ಗಿ ನೋಡುತ್ತಾ.

ಕಂದು ಬಣ್ಣದ ಒಡೆದ ಸಿಪ್ಪೆಗಳು. ಸಿಚುವಾನ್ ಮೆಣಸು ಎಂದು ದೊಡ್ಡ ಹೋಟೆಲಿನಲ್ಲಿ ಹೇಳುವುದು ಇದನ್ನೇ. ಒಂದು ಸಿಪ್ಪೆ ಬಾಯಿಗೆ ಹಾಕಿಕೊಂಡೆ. ಮೊದಲು ನಿಂಬೆಯ ಘಮ, ಆಮೇಲೆ ನಾಲಿಗೆ ಕರೆಂಟು ತಾಗಿದ ಹಾಗೆ ಜುಮ್ಮೆಂದು ಮರಗಟ್ಟಿತು. ಈ ಜುಮ್ಮು ನನಗೆ ಗೊತ್ತಿತ್ತು! ಶಿರಸಿಯ ಕಡೆಯ ಗೆಳತಿಯ ಮನೆಯಲ್ಲಿ ತಂಬುಳಿಗೆ ಹಾಕುತ್ತಿದ್ದ ಜುಮ್ಮನಕಾಯಿ, ಕರಾವಳಿಯ ಕೊಂಕಣಿಗರು ಮೀನಿಗೆ ಹಾಕುವ ತೆಪ್ಪಳ, ಇವೆಲ್ಲ ಒಂದೇ ಕುಲದ ಗಿಡಗಳು. ನಾಲಿಗೆಗೆ ಏನಾಯಿತು ಎಂಬುದನ್ನೇ ಕಾಯಿಗೆ ಹೆಸರಿಟ್ಟ ಕನ್ನಡಿಗ ಯಾರೋ, ಅವನಿಗೆ ನಮಸ್ಕಾರ. ಮುಂದಿನ ತಿಂಗಳು ಗೆಳತಿಗೆ ಹೇಳಿ ತರಿಸಿದ ಕಾಲು ಸೇರು ಜುಮ್ಮನಕಾಯಿಯಲ್ಲಿ ಅರ್ಧವನ್ನು ಒಡೆಯರಪಾಳ್ಯದ ಬಸ್ಸು ಹತ್ತಿಸಿ ಕಳಿಸಿದೆ. ಬೀಜ ತೆಗೆದು ಸಿಪ್ಪೆ ಮಾತ್ರ ಪುಡಿ ಮಾಡಬೇಕು ಎಂದು ಅಜ್ಜಿ ಫೋನಿನಲ್ಲಿ ನನಗೇ ಪಾಠ ಹೇಳಿದರು, ಕೊಟ್ಟವಳು ನಾನು.

ಅವತ್ತು ಎದ್ದು ಹೊರಡುವ ಮುಂಚೆ ಇಬ್ಬರು ಮುದುಕಿಯರೂ ಪಕ್ಕಪಕ್ಕ ಕೂತು ವಯಸ್ಸಿನ ಲೆಕ್ಕ ಹಾಕಿದರು. ಹೆಚ್ಚು ಕಡಿಮೆ ಒಂದೇ. ನೀವು ಹುಟ್ಟಿದ್ದೂ ಇದೇ ರಾಜ್ಯದಲ್ಲಾ ಎಂದು ಅಜ್ಜಿ ಕೇಳಿದ್ದಕ್ಕೆ ಅತ್ತೆ ಇಲ್ಲವೆಂದು ತಲೆಯಾಡಿಸಿಬಿಟ್ಟರು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ, ಈಗ ಹನೂರೇ ಬೇರೆ ತಾಲ್ಲೂಕು. "ನಾನು ಇದ್ದ ಜಾಗದಿಂದ ಅಳ್ಳಾಡ್ನಿಲ್ಲ, ಊರೇ ಓಡಾಡ್ತಾ ಅದೆ" ಎಂದರು ಅತ್ತೆ. ಅಜ್ಜಿಗೆ ಈ ಮಾತು ಬಹಳ ಹಿಡಿಸಿತು. ಇನ್ನೆರಡು ಮೊಮೊ ತಂದು ಹಾಕಿದರು, ದುಡ್ಡಿಲ್ಲದೆ.

ಹಿಂದಿರುಗುವ ದಾರಿಯಲ್ಲಿ ನನಗೆ ಗೋಬಿ ಮಂಚೂರಿಯ ಮೇಲಿನ ಹಳೆಯ ಸಿಟ್ಟಿಗೆ ಕಾರಣ ಸಿಕ್ಕಿತು. ಅದರ ಹುಟ್ಟು ಮಂಚೂರಿಯದಲ್ಲ. ಕೊಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ, ಬೆಳ್ಳುಳ್ಳಿ ಶುಂಠಿ ಹಸಿಮೆಣಸಿನಕಾಯಿಗೆ ಗರಂ ಮಸಾಲೆಯ ಬದಲು ಸೋಯಾ ಸಾಸು ಸುರಿದು, ಕೋಳಿಯಲ್ಲಿ ಮಾಡಿದ್ದು. ನಮ್ಮ ಜನ ಕೋಳಿಯ ಜಾಗಕ್ಕೆ ಹೂಕೋಸು ತಂದರು. ಅಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ಆದರೆ ಗಾಡಿಯ ಹುಡುಗ ಎಲ್ಲ ಸಾಸನ್ನೂ ಬಾಣಲೆಗೇ ಸುರಿದು, ಎಳೆಯನಿಗೂ ಹಳಬನಿಗೂ ಒಂದೇ ಹದ ಮಾಡಿ, ಕೆಂಪಗೆ ಮೆತ್ತಿ ಕೊಡುತ್ತಾನೆ. ಕೋಸಿಗೂ ತಿನ್ನುವವನಿಗೂ ಒಂದು ಮಾತು ಕೇಳುವುದಿಲ್ಲ. ಸೆಪೆನ್ ಬಟ್ಟಲಿನಲ್ಲಿ ಪಕ್ಕಕ್ಕಿರುತ್ತದೆ. ಉಪ್ಪೆಸರಿನ ಖಾರ ತಟ್ಟೆಯ ಅಂಚಿನಲ್ಲಿರುತ್ತದೆ. ಇಂಡೋನೇಷ್ಯಾದವರು ಕಲ್ಲಿನ ಹರಿವಾಣದಲ್ಲಿ ಅರೆಯುವ ಸಂಬಾಲ್ ಕೂಡ ಅನ್ನದ ಪಕ್ಕಕ್ಕೇ ಕೂರುತ್ತದಂತೆ. ಬಡಿಸುವವಳ ಕೈ ಅಲ್ಲಿಗೆ ನಿಂತು ಉಣ್ಣುವವನ ಬೆರಳು ಶುರುವಾಗುವ ಆ ಒಂದು ಗೇಣು ಜಾಗ ಇದೆಯಲ್ಲ, ಸಾಸಿನ ಜಾಗ ಅದು. ಹೀಗೆಂದು ನಾನು ಕಾರಿನಲ್ಲಿ ಭಾಷಣ ಮಾಡಿದಾಗ ಎಲ್ಲರೂ ನಿದ್ದೆ ಹೋಗಿದ್ದರು, ದೇವರ ದಯೆಯಿಂದ ಓಡಿಸುತ್ತಿದ್ದ ಹುಡುಗನೊಬ್ಬನನ್ನು ಬಿಟ್ಟು.

ಆಮೇಲಿನ ಸಾಸುಗಳು ಬೇಗ ಬೇಗ ಕೈಗೆ ಬಂದವು. ಕಳ್ಳೆಕಾಯಿಯದು ಎಲ್ಲಕ್ಕಿಂತ ಸುಲಭ. ಇಂಡೋನೇಷ್ಯಾದವರು ಸಾತೆ ಎಂಬ ಸುಟ್ಟ ಮಾಂಸಕ್ಕೂ, ಬೇಯಿಸಿದ ತರಕಾರಿಗೂ ಹಚ್ಚಿ ತಿನ್ನುತ್ತಾರೆ. ಒಂದು ಲೋಟ ಹುರಿದು ಸಿಪ್ಪೆ ತೆಗೆದ ಬೀಜ, ಎರಡು ಒಣಮೆಣಸಿನಕಾಯಿ, ಎರಡೆಸಳು ಬೆಳ್ಳುಳ್ಳಿ, ಅಡಿಕೆಯಷ್ಟು ಬೆಲ್ಲ, ಅಷ್ಟೇ ಹುಣಸೆಹಣ್ಣು, ಉಪ್ಪು. ಬಿಸಿನೀರೋ ತೆಂಗಿನಹಾಲೋ ಹಾಕಿ ರುಬ್ಬಿದರೆ ಮುಗಿಯಿತು. ಇದನ್ನು ಚಟ್ನಿ ಎಂದು ಕರೆದರೆ ಯಾರೂ ಪೊಲೀಸರನ್ನು ಕರೆಯುವುದಿಲ್ಲ. ಅಂದಹಾಗೆ ಕಳ್ಳೆಕಾಯಿಯೂ ಮೆಣಸಿನಕಾಯಿಯೂ ಟೊಮೆಟೊವೂ ಅಮೆರಿಕ ಖಂಡಗಳ ಕಡೆಯಿಂದ ಹಡಗಿನಲ್ಲಿ ಬಂದವು. ಇವು ಮೂರೂ ಬರುವ ಮೊದಲು ಏಷ್ಯಾದವರು ಯಾವ ಸಾಸಿನ ಬಗ್ಗೆ ಜಂಬ ಪಡುತ್ತಿದ್ದರೋ.

ಥಾಯ್ ಜನರ ಸಿಹಿಖಾರದ ಸಾಸಿಗೆ ಸಕ್ಕರೆಯ ಬದಲು ಬಿಳಿಗಿರಿರಂಗನ ಬೆಟ್ಟದ ಜೇನು ಹಾಕಿದೆ. ತವರಿನಿಂದ ಬೆಟ್ಟ ಕಣ್ಣಿಗೆ ಕಾಣುತ್ತದೆ. ಸೋಲಿಗರು ಹೆಜ್ಜೇನು ಇಳಿಸುವ ಕಾಲಕ್ಕೆ ಅಣ್ಣ ಒಂದು ಸೀಸೆ ಕೊಂಡಿಡುತ್ತಾನೆ. ತರಿಯಾಗಿ ಜಜ್ಜಿದ ಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಉಪ್ಪುನೀರಿನಲ್ಲಿ ಐದು ನಿಮಿಷ ಕುದಿಸಿ ಇಳಿಸಿ, ಬೆಚ್ಚಗಾದ ಮೇಲೆ ಜೇನು, ನಿಂಬೆರಸ. ಜೇನನ್ನು ಕುದಿಸಿದರೆ ಕಾಡೆಲ್ಲ ಹಬೆಯಾಗಿ ಕಿಟಕಿಯಿಂದ ಹೋಗಿಬಿಡುತ್ತದೆ, ಉಳಿಯುವುದು ಬರೀ ಸಿಹಿ.

ಖಾರದೆಣ್ಣೆ ನನ್ನ ಹೆಮ್ಮೆ. ಚೀನಾದವರು ಎಳ್ಳು ಹಾಕುವ ಜಾಗಕ್ಕೆ ಹುರಿದು ಕುಟ್ಟಿದ ಹುಚ್ಚೆಳ್ಳು ಹಾಕಿದೆ. ತರಿ ಮೆಣಸಿನಪುಡಿ, ಹುಚ್ಚೆಳ್ಳು, ಉಪ್ಪು, ಚಿಟಿಕೆ ಜುಮ್ಮನಕಾಯಿ ಒಂದು ಬಟ್ಟಲಲ್ಲಿ. ಕಾದ ಎಣ್ಣೆಯನ್ನು ಒಂದೇ ಸಲ ಸುರಿಯಬಾರದು. ಒಲೆಯಿಂದ ಇಳಿಸಿ ಒಂದು ನಿಮಿಷ ಆರಲು ಬಿಟ್ಟು, ಮೊದಲು ಒಂದು ಚಮಚ ಹಾಕಿ ಕಿವಿಗೊಡಬೇಕು. ಸಣ್ಣಗೆ ಸುಯ್ ಎಂದರೆ ಸರಿ. ಚಟಚಟ ಎಂದು ಕಪ್ಪಾದರೆ ಎಣ್ಣೆಗೆ ಇನ್ನೂ ಸಿಟ್ಟು ಇಳಿದಿಲ್ಲ. ಬೆಳ್ಳುಳ್ಳಿ ಹಾಕಿದ ಎಣ್ಣೆಯನ್ನು ಮಾತ್ರ ಕಪಾಟಿನಲ್ಲಿ ಇಡಬಾರದು. ಗಾಳಿಯಾಡದ ಎಣ್ಣೆಯಡಿಯಲ್ಲಿ ಹಸಿ ಬೆಳ್ಳುಳ್ಳಿ ಕೂತರೆ ಬಣ್ಣ ವಾಸನೆ ಯಾವುದೂ ಕೆಡದೆಯೇ ವಿಷವಾಗಬಹುದು. ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು, ಮೂರು ನಾಲ್ಕು ದಿನದಲ್ಲಿ ಮುಗಿಸುವುದು ಕ್ಷೇಮ. ನಮ್ಮ ಮನೆಯಲ್ಲಿ ಅದು ಎರಡನೆಯ ದಿನವನ್ನೇ ಕಂಡಿಲ್ಲ, ಮುದ್ದೆಯ ದಿನವಾದರೆ.

ಫ್ರಿಜ್ಜಿನ ಬಾಗಿಲಲ್ಲಿ ಈಗ ತೊಳೆದಿಟ್ಟ ಸೀಸೆಗಳೇ ಇವೆ, ಆದರೆ ಮೂರು ಬೆರಳಿನ ಕಾಯಿಲೆ ಹೋಗಿದೆ. ಮೂಲೆಮನೆಯ ಯಜಮಾನರಿಗೆ ಸೀನಿನ ಪರಿಹಾರಾರ್ಥ ಪ್ರತಿ ಸಲ ಒಂದು ಬಟ್ಟಲು ಹೋಗುತ್ತದೆ. ಅವರು ಸೆಪೆನ್ನನ್ನು ಇಡ್ಲಿಗೆ ಹಚ್ಚಿಕೊಳ್ಳುತ್ತಾರೆ ಎಂದು ಕೇಳಿ ಒಡೆಯರಪಾಳ್ಯದ ಅಜ್ಜಿಗೆ ತಿಳಿಸಿದೆ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಇಡ್ಲಿಯೂ ಹಬೆಯಲ್ಲೇ ಬೇಯುವುದಲ್ಲವಾ ಎಂದರು.

ಕಳೆದ ದಸರಾ ರಜೆ ಮುಗಿಸಿ ಮಗಳು ಹೊರಟಾಗ ಎರಡು ಸೀಸೆ ಕಟ್ಟಿಕೊಟ್ಟೆ. ಈಗ ಸೀಸೆಗಳು ಉಲ್ಟಾ ದಿಕ್ಕಿನಲ್ಲಿ ಪ್ರಯಾಣ ಮಾಡುತ್ತವೆ. ಒಂದರಲ್ಲಿ ನನ್ನ ಸೆಪೆನ್, ಒಂದರಲ್ಲಿ ಅತ್ತೆ ಒರಳಲ್ಲೇ ಅರೆದ ಉಪ್ಪೆಸರಿನ ಖಾರ. ತಲುಪಿದ ಕೂಡಲೇ ಫ್ರಿಜ್ಜಿಗೆ ಇಡು ಎಂದು ಹೇಳಿ, ಚೀಟಿ ಬರೆದು ಅಂಟಿಸಿದ್ದೆ. ಬಸ್ಸಿನ ಸೆಕೆಗೆ ಚೀಟಿ ಬಿದ್ದುಹೋಗಿದೆ. ಮೂರನೆಯ ದಿನ ರಾತ್ರಿ ಫೋನು ಬಂತು. ರೂಮಿನ ಹುಡುಗಿಯರೆಲ್ಲ ಸೇರಿ ಮೊಮೊ ತರಿಸಿದ್ದರಂತೆ, ಅಂಗಡಿಯವನು ಕೊಟ್ಟ ಕೆಂಪು ಪೊಟ್ಟಣವನ್ನು ಬದಿಗಿಟ್ಟು ನಮ್ಮ ಸೀಸೆ ತೆಗೆದರಂತೆ.

"ಅಮ್ಮಾ, ನಾವು ತಿಂದಿದ್ದು ಯಾವುದು? ನಿಂದೋ ಅಜ್ಜಿದೋ?"

"ಮೂಸಿ ನೋಡು. ಜೀರಿಗೆ ವಾಸನೆ ಬಂದರೆ ಅಜ್ಜಿಯದು. ಕೊತ್ತಂಬರಿ ದಂಟು ಸಿಕ್ಕಿದರೆ ನನ್ನದು."

ಆ ಕಡೆ ಮುಚ್ಚಳ ತಿರುಗಿಸುವ ಸದ್ದು, ನಾಲ್ಕೈದು ಹುಡುಗಿಯರು ಒಟ್ಟಿಗೆ ಮೂಸುವ ಸದ್ದು, ಆಮೇಲೆ ಯಾರೋ ಸೀನಿದ ಸದ್ದು. ಪಕ್ಕದಲ್ಲಿ ಅತ್ತೆ ಕಿವಿ ಚುರುಕು ಮಾಡಿಕೊಂಡು ಕೂತಿದ್ದರು.

"ಗೊತ್ತಾಗ್ತಿಲ್ಲ ಕಣಮ್ಮಾ, ಎರಡೂ ಖಾಲಿ. ಬರೀ ಬೆಳ್ಳುಳ್ಳಿ ವಾಸನೆ ಇದೆ."